ಜಾನ್ ಟೋಶಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿವರು? ನಾವು ಯಾಕೆ ಇವರ ಬಗ್ಗೆ ಓದಬೇಕು?

ವೇಲ್ಸ್ ದೇಶದ ಫುಟ್‌ಬಾಲ್ ಆಟಗಾರ, ಆಮೇಲೆ ಮ್ಯಾನೇಜರ್. ಹುಟ್ಟಿದ್ದು 1949ರ ಮಾರ್ಚ್ 22, ಕಾರ್ಡಿಫ್‌ನಲ್ಲಿ. ನಮ್ಮ ಕಡೆ ಫುಟ್‌ಬಾಲ್ ನೋಡುವವರಿಗೆ ಗ್ಯಾರೆತ್ ಬೇಲ್ ಗೊತ್ತು, ಐಕರ್ ಕಸಿಯಾಸ್ ಗೊತ್ತು, ಶಾಬಿ ಅಲೊನ್ಸೊ ಗೊತ್ತು. ಈ ಮೂವರೂ ಹುಡುಗರಾಗಿದ್ದಾಗ, ಇನ್ನೂ ಯಾರಿಗೂ ಅಷ್ಟಾಗಿ ನಂಬಿಕೆ ಇಲ್ಲದಿದ್ದಾಗ, ಅವರನ್ನು ಮೈದಾನಕ್ಕೆ ಇಳಿಸಿದವರು ಟೋಶಾಕ್. ಆದರೂ ಇವರ ಹೆಸರು ಕೇಳಿದವರು ಕಡಿಮೆ. ಬ್ರಿಟನ್‌ನಲ್ಲೇ ಇವರಿಗೆ ಸಿಗಬೇಕಾದಷ್ಟು ಬೆಲೆ ಸಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಕಾರಣ ಸುಲಭ, ಒಳ್ಳೆಯ ಕೆಲಸದಲ್ಲಿ ಮುಕ್ಕಾಲು ಪಾಲು ಮಾಡಿದ್ದು ಹೊರದೇಶದಲ್ಲಿ.

ಆಟಗಾರನಾಗಿ ಎಷ್ಟು ದೊಡ್ಡವರು?

ಕಾರ್ಡಿಫ್ ಸಿಟಿ ಪರವಾಗಿ 1965ರಲ್ಲಿ ಮೊದಲ ಪಂದ್ಯ. ಆಗ ವಯಸ್ಸು 16. ಕ್ಲಬ್ಬಿನ ಅತಿ ಕಿರಿಯ ಆಟಗಾರ ಅನ್ನುವ ಆ ದಾಖಲೆ 2007ರವರೆಗೂ ಇವರ ಹೆಸರಲ್ಲೇ ಇತ್ತು. ಮುರಿದವನು ಆರನ್ ರಾಮ್ಸಿ. ಮುಂದಿನ ವರ್ಷವೇ ಆ ಹುಡುಗನನ್ನು ಕರೆದು ವೇಲ್ಸ್ ಜೆರ್ಸಿ ತೊಡಿಸಿದವರೂ ಟೋಶಾಕ್‌ ಅವರೇ.

1970ರ ನವೆಂಬರ್‌ನಲ್ಲಿ ಲಿವರ್‌ಪೂಲ್ ಮ್ಯಾನೇಜರ್ ಬಿಲ್ ಶ್ಯಾಂಕ್ಲಿ 1,10,000 ಪೌಂಡ್ ಕೊಟ್ಟು ಕೊಂಡುಕೊಂಡರು. ಕಾರ್ಡಿಫ್ ಆಗ ಎರಡನೇ ಡಿವಿಷನ್‌ನಿಂದ ಮೇಲಕ್ಕೆ ಹೋಗುವ ಹಾದಿಯಲ್ಲಿತ್ತು. ಇವರನ್ನು ಮಾರಿದ ಮೇಲೆ ಮೂರನೇ ಸ್ಥಾನಕ್ಕೆ ನಿಂತು ಬಡ್ತಿ ತಪ್ಪಿಸಿಕೊಂಡಿತು. ಅಲ್ಲಿನ ಹಳೆಯ ಅಭಿಮಾನಿಗಳ ಮುಂದೆ ಆ ಮಾತು ಎತ್ತಬೇಡಿ.

ಲಿವರ್‌ಪೂಲ್‌ಗೆ ಬಂದ ತಿಂಗಳಲ್ಲೇ ಎವರ್ಟನ್ ವಿರುದ್ಧ ಡರ್ಬಿ, ಅಂದರೆ ಒಂದೇ ಊರಿನ ಎರಡು ಕ್ಲಬ್‌ಗಳ ಪಂದ್ಯ. 0-2 ಹಿಂದೆ ಬಿದ್ದಿದ್ದ ತಂಡ 3-2 ಗೆದ್ದಿತು, ಅದರಲ್ಲಿ ಒಂದು ಗೋಲು ಇವರ ಹೆಡರ್. ಒಟ್ಟು 247 ಪಂದ್ಯ, 96 ಗೋಲು. ಲೀಗ್, ಎಫ್‌ಎ ಕಪ್, ಎರಡು ಸಲ ಯುಇಎಫ್‌ಎ ಕಪ್ (ಯುರೋಪಿನ ಕ್ಲಬ್‌ಗಳ ಟೂರ್ನಿ), ಎಲ್ಲ ಬಂತು.

ಕೀಗನ್ ಜೊತೆಗಿನ ಜೋಡಿ ಬಗ್ಗೆ ಎಲ್ಲರೂ ಹೇಳುತ್ತಾರಲ್ಲ, ಅದರಲ್ಲಿ ಅಂಥದ್ದೇನಿತ್ತು?

ಟೋಶಾಕ್ ಎತ್ತರ, ಲಿವರ್‌ಪೂಲ್‌ನಲ್ಲಿ ಜೊತೆಗೆ ಆಡುತ್ತಿದ್ದ ಕೀಗನ್ ಕುಳ್ಳ. ಎತ್ತರದವನು ಚೆಂಡನ್ನು ತಲೆಯಿಂದ ಕೆಳಗೆ ಇಳಿಸುತ್ತಾನೆ, ಕುಳ್ಳ ಅದು ಬೀಳುವ ಜಾಗಕ್ಕೆ ಮೊದಲೇ ಓಡಿರುತ್ತಾನೆ. ಕೇಳೋಕೆ ಇಷ್ಟೇ. ಆದರೆ ಕೆವಿನ್ ಕೀಗನ್ ಮತ್ತು ಟೋಶಾಕ್ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಅಂದರೆ, ಇವರಿಬ್ಬರಿಗೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತದೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು.

1973ರ ಯುಇಎಫ್‌ಎ ಕಪ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಎದುರಾಳಿ ಜರ್ಮನಿಯ ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಖ್. ಎರಡು ಪಂದ್ಯಗಳ ಫೈನಲ್, ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಮೊದಲ ಪಂದ್ಯ, ಧೋ ಅಂತ ಮಳೆ, 27 ನಿಮಿಷಕ್ಕೆ ಆಟ ನಿಂತಿತು. ಆ ದಿನದ ಹನ್ನೊಂದರಲ್ಲಿ ಟೋಶಾಕ್ ಇರಲಿಲ್ಲ. ಅಷ್ಟು ಹೊತ್ತಿನ ಆಟದಲ್ಲೇ ಶ್ಯಾಂಕ್ಲಿಗೆ ಒಂದು ವಿಷಯ ಕಂಡಿತ್ತು, ಜರ್ಮನ್ ಡಿಫೆನ್ಸ್‌ಗೆ ಮೇಲಿನಿಂದ ಬರುವ ಚೆಂಡು ಕಷ್ಟ. ಮಾರನೇ ದಿನ ಪಂದ್ಯ ಮೊದಲಿನಿಂದ ಶುರುವಾದಾಗ ಟೋಶಾಕ್ ಒಳಗಿದ್ದರು. ಲಿವರ್‌ಪೂಲ್ 3-0, ಕೀಗನ್ ಎರಡು ಗೋಲು. ಜರ್ಮನಿಯಲ್ಲಿ 0-2 ಸೋತರೂ ಕಪ್ ಬಂತು. ಮಳೆ ಬರದಿದ್ದರೆ ಏನಾಗುತ್ತಿತ್ತೋ, ಅಲ್ವಾ?

1976ರ ವಸಂತ ಕೂಡ ಇವರದ್ದೇ. ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಯುಇಎಫ್‌ಎ ಕಪ್ ಸೆಮಿಫೈನಲ್, 1-0, ಆ ಒಂದು ಗೋಲು ಟೋಶಾಕ್. ಅದೇ ಸೀಸನ್ನಿನ ಕೊನೆಯ ಲೀಗ್ ಪಂದ್ಯದಲ್ಲಿ ವುಲ್ವ್ಸ್ ವಿರುದ್ಧ ಹಿಂದೆ ಬಿದ್ದು ಕೊನೆಯ ಕಾಲು ಗಂಟೆಯಲ್ಲಿ ಮೂರು ಗೋಲು ಹೊಡೆದು ಲೀಗ್ ಗೆದ್ದಾಗಲೂ ಒಂದು ಇವರದು. ಆಮೇಲೆ ಗಾಯಗಳು ಜಾಸ್ತಿಯಾದವು. 1977ರಲ್ಲಿ ಲಿವರ್‌ಪೂಲ್ ಮೊದಲ ಸಲ ಯುರೋಪಿಯನ್ ಕಪ್ ಗೆದ್ದಾಗ ಫೈನಲ್ ಆಡಲಿಲ್ಲ.

28ನೇ ವಯಸ್ಸಿಗೇ ಮ್ಯಾನೇಜರ್ ಆದರಾ? ಅದು ಹೇಗೆ?

ಹೌದು. 1978ರ ಮಾರ್ಚ್‌ನಲ್ಲಿ ಸ್ವಾನ್ಸಿ ಸಿಟಿಗೆ ಆಟಗಾರ ಮತ್ತು ಮ್ಯಾನೇಜರ್ ಎರಡೂ ಆಗಿ ಸೇರಿದರು. ಆಗ ಇಡೀ ಇಂಗ್ಲಿಷ್ ಲೀಗ್‌ನಲ್ಲಿ ಇವರಷ್ಟು ಚಿಕ್ಕ ವಯಸ್ಸಿನ ಮ್ಯಾನೇಜರ್ ಬೇರೆ ಇರಲಿಲ್ಲ. ಸ್ವಾನ್ಸಿ ಇದ್ದದ್ದು ನಾಲ್ಕನೇ ಡಿವಿಷನ್‌ನಲ್ಲಿ, ಅಂದರೆ ಫುಟ್‌ಬಾಲ್ ಲೀಗ್‌ನ ಅತಿ ಕೆಳಗಿನ ಮೆಟ್ಟಿಲಲ್ಲಿ.

ಇಲ್ಲಿ ಹ್ಯಾರಿ ಗ್ರಿಫಿತ್ಸ್ ಹೆಸರು ಹೇಳದೆ ಮುಂದೆ ಹೋಗಬಾರದು. ಟೋಶಾಕ್‌ಗಿಂತ ಮುಂಚೆ ಮ್ಯಾನೇಜರ್ ಆಗಿದ್ದವರು, ಆ ತಂಡವನ್ನು ಕಟ್ಟಿದವರು ಅವರು. ಟೋಶಾಕ್ ಬಂದಾಗ ತಾವೇ ಜಾಗ ಬಿಟ್ಟುಕೊಟ್ಟು ಸಹಾಯಕರಾಗಿ ನಿಂತರು. ಅದೇ ಏಪ್ರಿಲ್‌ನಲ್ಲಿ, ಮೇಲಿನ ಡಿವಿಷನ್‌ಗೆ ಬಡ್ತಿ ಇನ್ನೇನು ಕೈಗೆ ಸಿಗಬೇಕು ಅನ್ನುವಾಗ, ಪಂದ್ಯಕ್ಕೆ ಮುಂಚೆ ವೆಚ್ ಫೀಲ್ಡ್ ಮೈದಾನದಲ್ಲೇ ಕುಸಿದು ತೀರಿಕೊಂಡರು. ತಂಡ ಆ ಸೀಸನ್ ಮೇಲಕ್ಕೆ ಹೋಯಿತು. ಸ್ವಾನ್ಸಿಯ ಕಥೆ ಹೇಳುವವರು ಸುಮ್ನೆ ಟೋಶಾಕ್ ಒಬ್ಬರದ್ದೇ ಸಾಧನೆ ಅನ್ನುವ ಹಾಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಸ್ವಾನ್ಸಿಯಲ್ಲಿ ನಿಜವಾಗಿ ಏನು ಮಾಡಿದರು?

ನಾಲ್ಕು ಸೀಸನ್‌ನಲ್ಲಿ ಮೂರು ಬಡ್ತಿ. 1978ರಲ್ಲಿ ನಾಲ್ಕರಿಂದ ಮೂರು, 1979ರಲ್ಲಿ ಮೂರರಿಂದ ಎರಡು, 1981ರಲ್ಲಿ ಎರಡರಿಂದ ಒಂದು. ತಮಾಷೆ ಅಂದರೆ ಮೂರು ಸಲವೂ ಮೂರನೇ ಸ್ಥಾನ, ಅದರಲ್ಲಿ ಕೊನೆಯ ಎರಡು ಸಲ ಅದು ಬಡ್ತಿ ಸಿಗುವ ಕೊನೆಯ ಜಾಗ. 1979ರಲ್ಲಿ ಚೆಸ್ಟರ್‌ಫೀಲ್ಡ್ ವಿರುದ್ಧದ ಕೊನೆಯ ಪಂದ್ಯಕ್ಕೆ ತಾವೇ ಬದಲಿ ಆಟಗಾರನಾಗಿ ಇಳಿದು ಗೆಲುವಿನ ಗೋಲನ್ನು ತಲೆಯಿಂದ ಹೊಡೆದರು. ಮ್ಯಾನೇಜರ್ ತಾನೇ ಎದ್ದು ಹೋಗಿ ಬಡ್ತಿ ತಂದುಕೊಟ್ಟರೆ ಡ್ರೆಸಿಂಗ್ ರೂಮಿನಲ್ಲಿ ಯಾರು ತಾನೇ ಎದುರು ಮಾತಾಡುತ್ತಾರೆ!

1981ರ ಆಗಸ್ಟ್ 29. ಮೊದಲ ಡಿವಿಷನ್‌ನಲ್ಲಿ ಸ್ವಾನ್ಸಿಯ ಮೊಟ್ಟಮೊದಲ ಪಂದ್ಯ, ಎದುರು ಲೀಡ್ಸ್. ಫಲಿತಾಂಶ 5-1. ಎವರ್ಟನ್‌ನಿಂದ ಬಂದಿದ್ದ ಬಾಬ್ ಲ್ಯಾಚ್‌ಫರ್ಡ್ ಹ್ಯಾಟ್ರಿಕ್. ಆ ಸೀಸನ್ನಿನಲ್ಲಿ ಸ್ವಾನ್ಸಿ ಕೆಲ ಕಾಲ ಪಟ್ಟಿಯ ತುದಿಯಲ್ಲೇ ಇತ್ತು, ಕೊನೆಗೆ ಆರನೇ ಸ್ಥಾನ. ತಂಡವೂ ಮಜವಾಗಿತ್ತು. ಅಲನ್ ಕರ್ಟಿಸ್, ರಾಬಿ ಜೇಮ್ಸ್, ಜೆರೆಮಿ ಚಾರ್ಲ್ಸ್ ಅಂಥ ಊರ ಹುಡುಗರು, ಜೊತೆಗೆ ಲಿವರ್‌ಪೂಲ್‌ನ ಹಳೆಯ ಗೆಳೆಯರು, ಯುಗೊಸ್ಲಾವಿಯಾದಿಂದ ಆಂಟೆ ರಾಯ್ಕೊವಿಚ್ ಮತ್ತು ಹಾಜಿಯಾಬ್ದಿಚ್. ಬ್ರಿಟನ್ನಿನ ಎಲ್ಲರೂ ನಾಲ್ಕು ಡಿಫೆಂಡರ್ ಇಟ್ಟು ಆಡುತ್ತಿದ್ದ ಕಾಲದಲ್ಲಿ ಇವರು ರಾಯ್ಕೊವಿಚ್‌ರನ್ನು ಹಿಂದೆ ಸ್ವೀಪರ್ ಆಗಿ, ಅಂದರೆ ಉಳಿದ ಡಿಫೆಂಡರ್‌ಗಳ ಬೆನ್ನ ಹಿಂದೆ ಬಂದ ಚೆಂಡನ್ನು ತಡೆಯುವವರಾಗಿ ನಿಲ್ಲಿಸಿದರು. ಈ ಯೋಚನೆ ಮುಂದೆ ಸ್ಪೇನ್‌ನಲ್ಲಿ ಬಹಳ ಉಪಯೋಗಕ್ಕೆ ಬಂತು.

ಲಿವರ್‌ಪೂಲ್ ಶರ್ಟ್ ತೋರಿಸಿದ ಘಟನೆ ನಿಜವೇ?

ನಿಜ. ಶ್ಯಾಂಕ್ಲಿ ತೀರಿಕೊಂಡದ್ದು 1981ರ ಸೆಪ್ಟೆಂಬರ್ 29ರಂದು. ನಾಲ್ಕು ದಿನ ಬಿಟ್ಟು ಆನ್‌ಫೀಲ್ಡ್‌ನಲ್ಲಿ ಪಂದ್ಯ, ಅದೂ ಸ್ವಾನ್ಸಿ ವಿರುದ್ಧ. ಮೌನಾಚರಣೆ ಹೊತ್ತಿನಲ್ಲಿ ಟೋಶಾಕ್ ತಮ್ಮ ಟ್ರ್ಯಾಕ್‌ಸೂಟ್ ಮೇಲಂಗಿ ತೆಗೆದರು, ಒಳಗೆ ಲಿವರ್‌ಪೂಲ್‌ನ ಕೆಂಪು ಶರ್ಟ್. ಇದು ಸ್ವಾನ್ಸಿಯ ಕೆಲವರಿಗೆ ಹಿಡಿಸಲಿಲ್ಲ. ಎದುರಾಳಿ ತಂಡದ ಮ್ಯಾನೇಜರ್ ಅಲ್ವಾ ನೀವು, ಅನ್ನುವುದು ಅವರ ತಕರಾರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಪಂದ್ಯ 2-2 ಡ್ರಾ.

ಅಷ್ಟು ಮೇಲೆ ಹೋದ ಸ್ವಾನ್ಸಿ ಹೇಗೆ ಬಿದ್ದುಹೋಯಿತು? ತಪ್ಪು ಟೋಶಾಕ್‌ದೇ?

ಹಾವು-ಏಣಿ ಆಟದ ಹಾಗೆ. ಹತ್ತಿದ್ದು ನಾಲ್ಕು ಸೀಸನ್‌ನಲ್ಲಿ ಮೂರು ಮೆಟ್ಟಿಲು, ಇಳಿದದ್ದೂ ನಾಲ್ಕು ಸೀಸನ್‌ನಲ್ಲಿ ಮೂರು ಮೆಟ್ಟಿಲು. 1983, 1984, 1986, ಮತ್ತೆ ನಾಲ್ಕನೇ ಡಿವಿಷನ್. ನಡುವೆ 1985ರ ಡಿಸೆಂಬರ್‌ನಲ್ಲಿ ಕ್ಲಬ್ ಮುಚ್ಚಿ ಅಂತ ಕೋರ್ಟ್ ಆದೇಶವೂ ಬಂದಿತ್ತು, ಹೇಗೋ ಉಳಿಯಿತು.

ದುಡ್ಡು ಮುಗಿದಿತ್ತು ಅನ್ನುವುದೇ ಮುಖ್ಯ ಕಾರಣ. ಚಿಕ್ಕ ಊರು, ಹಳೆಯ ಮೈದಾನ, ದೊಡ್ಡ ಸಂಬಳ. ಆಟಗಾರರನ್ನು ಕೊಂಡ ತೀರ್ಮಾನಗಳಲ್ಲಿ ಟೋಶಾಕ್ ಪಾಲೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1983ರ ಅಕ್ಟೋಬರ್‌ನಲ್ಲಿ ಬಿಟ್ಟರು, ಡಿಸೆಂಬರ್‌ನಲ್ಲಿ ವಾಪಸ್ ಬಂದರು, 1984ರ ಮಾರ್ಚ್‌ನಲ್ಲಿ ಕ್ಲಬ್ಬೇ ತೆಗೆದುಹಾಕಿತು. ಆ ವಾಪಸ್ ಬಂದದ್ದು ಬೇಡವಾಗಿತ್ತು.

ಲಿವರ್‌ಪೂಲ್ ಮ್ಯಾನೇಜರ್ ಯಾಕೆ ಆಗಲಿಲ್ಲ?

ಸ್ವಾನ್ಸಿ ಮೇಲೇರುತ್ತಿದ್ದಾಗ ಬಾಬ್ ಪೇಸ್ಲಿ ನಂತರ ಇವರೇ ಅಂತ ಬಹಳ ಜನ ಮಾತಾಡಿದ್ದರು. ಆದರೆ ಹೊತ್ತು ಕೂಡಿಬರಲೇ ಇಲ್ಲ. 1983ರಲ್ಲಿ ಪೇಸ್ಲಿ ನಿವೃತ್ತರಾದಾಗ ಸ್ವಾನ್ಸಿ ಆಗ ತಾನೇ ಕೆಳಕ್ಕೆ ಬಿದ್ದಿತ್ತು, ಕುರ್ಚಿ ಜೋ ಫೇಗನ್‌ಗೆ ಹೋಯಿತು. 1985ರಲ್ಲಿ ಫೇಗನ್ ಬಿಟ್ಟಾಗ ಕೆನ್ನಿ ಡಾಲ್ಗ್ಲಿಷ್ ಬಂದರು, ಟೋಶಾಕ್ ಪೋರ್ಚುಗಲ್‌ನ ಸ್ಪೋರ್ಟಿಂಗ್ ಲಿಸ್ಬನ್ ಕ್ಲಬ್ ಬಿಟ್ಟು ಸ್ಪೇನ್‌ಗೆ ಗಂಟು ಕಟ್ಟುತ್ತಿದ್ದರು. 1991ರಲ್ಲಿ ಡಾಲ್ಗ್ಲಿಷ್ ರಾಜೀನಾಮೆ ಕೊಡುವ ಕೆಲವೇ ತಿಂಗಳ ಹಿಂದೆ ರಿಯಲ್ ಮ್ಯಾಡ್ರಿಡ್ ಇವರನ್ನು ಕೈಬಿಟ್ಟಿತ್ತು.

ಇನ್ನೊಂದು ವಿಷಯ ಗಮನಿಸಿ. ಇವರು ಇಂಗ್ಲೆಂಡಿನ ಒಂದೇ ಒಂದು ಕ್ಲಬ್‌ಗೂ ಮ್ಯಾನೇಜರ್ ಆಗಿಲ್ಲ. ಸ್ವಾನ್ಸಿ ಇಂಗ್ಲಿಷ್ ಲೀಗ್‌ನಲ್ಲಿ ಆಡಿದರೂ ಊರು ವೇಲ್ಸ್‌ನದು.

ಸ್ಪೇನ್‌ನಲ್ಲಿ ಇವರನ್ನು ಅಷ್ಟೊಂದು ಯಾಕೆ ಇಷ್ಟಪಡುತ್ತಾರೆ?

ಸ್ಪೇನ್ ಅಂದರೆ ಮೊದಲು ಸಾನ್ ಸೆಬಾಸ್ಟಿಯನ್, ಅಂದರೆ ರಿಯಲ್ ಸೊಸಿಯೆದಾದ್. ಲಿಸ್ಬನ್‌ನ ಸ್ಪೋರ್ಟಿಂಗ್‌ನಲ್ಲಿ ಒಂದು ಸೀಸನ್ ಕಳೆದು, ಪೋರ್ಟೋ ಹಿಂದೆ ಎರಡನೇ ಸ್ಥಾನ ಪಡೆದು, 1985ರಲ್ಲಿ ಇಲ್ಲಿಗೆ ಬಂದರು. ಆ ಕ್ಲಬ್ ಆಗ ಬಾಸ್ಕ್ ಪ್ರದೇಶದ ಆಟಗಾರರನ್ನು ಮಾತ್ರ ಆಡಿಸುತ್ತಿತ್ತು. ಹೊರಗಿನಿಂದ ಸ್ಟಾರ್ ತರುವ ಹಾಗಿಲ್ಲ, ಇರುವವರಲ್ಲೇ ಮಾಡಬೇಕು. ಟೋಶಾಕ್‌ಗೆ ಹೇಳಿ ಮಾಡಿಸಿದ ಜಾಗ.

ಹಿಂದೆ ಮೂವರು ಸೆಂಟರ್ ಬ್ಯಾಕ್, ಇಬ್ಬರು ಬದಿಯಲ್ಲಿ ಓಡುವವರು, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ. 1987ರಲ್ಲಿ ಸ್ಪೇನ್‌ನ ಕಪ್ ಟೂರ್ನಿ ಕೋಪಾ ದೆಲ್ ರೇ ಗೆದ್ದರು. ಆ ಹಾದಿಯಲ್ಲಿ ಮಯೋರ್ಕಾ ತಂಡದ ಮೇಲೆ 10-1 ಅನ್ನುವ ಫಲಿತಾಂಶವೂ ಇದೆ. ಫೈನಲ್ ಜರಗೋಜಾದಲ್ಲಿ, ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧ, 2-2, ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲೂಯಿಸ್ ಅರ್ಕೊನಾದಾ ಉಳಿಸಿಕೊಟ್ಟರು. ಮುಂದಿನ ವರ್ಷ ಲೀಗ್‌ನಲ್ಲೂ ಎರಡನೇ ಸ್ಥಾನ, ಕೋಪಾದಲ್ಲೂ ಫೈನಲ್ ಸೋಲು. ಆಮೇಲೆ ಬಾರ್ಸಿಲೋನಾ ಬಂದು ಬಕೇರೊ, ಬೆಗಿರಿಸ್ತಾಯ್ನ್, ಲೋಪೆಸ್ ರೆಕಾರ್ತೆ ಮೂವರನ್ನೂ ಎತ್ತಿಕೊಂಡು ಹೋಯಿತು. ಬಾರ್ಸಿಲೋನಾದ ಆಗಿನ ಕೋಚ್ ಕ್ರೈಫ್‌ರ ಹೆಸರಾಂತ ತಂಡದಲ್ಲಿ ಇವರು ಮಿಂಚಿದ್ದನ್ನು ಎಲ್ಲರೂ ಹೊಗಳುತ್ತಾರೆ, ಅದಕ್ಕೂ ಮುಂಚೆ ಅವರ ಕೋಚ್ ಯಾರಿದ್ದರು ಅಂತ ಕೇಳುವವರು ಕಡಿಮೆ.

ಆ 1987ರ ಕಪ್ ಆದ ಮೇಲೆ ಸೊಸಿಯೆದಾದ್‌ಗೆ ಇನ್ನೊಂದು ದೊಡ್ಡ ಕಪ್ ಸಿಕ್ಕಿದ್ದು 2021ರಲ್ಲಿ. ಅಭಿಮಾನ ಯಾಕೆ ಅಂತ ಇಷ್ಟರಲ್ಲೇ ಅರ್ಥವಾಗುತ್ತದೆ. ಮೂರು ಬೇರೆ ಬೇರೆ ಅವಧಿಯಲ್ಲಿ ಆ ಕ್ಲಬ್ ಇವರನ್ನು ಕರೆದಿದೆ: 1985, 1991, 2001. ಮೂರನೇ ಸಲ ಬಂದಾಗ ತಂಡ ಕೆಳಕ್ಕೆ ಬೀಳುವ ಸ್ಥಿತಿಯಲ್ಲಿತ್ತು. ಏಬಾರ್ ಕ್ಲಬ್‌ಗೆ ಕೆಲ ಕಾಲ ಆಡಲು ಕಳಿಸಿದ್ದ 19 ವರ್ಷದ ಶಾಬಿ ಅಲೊನ್ಸೊನನ್ನು ವಾಪಸ್ ಕರೆಸಿ ಕ್ಯಾಪ್ಟನ್ ಮಾಡಿದರು. ಹಿರಿಯರು ತುಂಬಿದ ಡ್ರೆಸಿಂಗ್ ರೂಮಿನಲ್ಲಿ ಇದು ಸಣ್ಣ ಧೈರ್ಯವೇನಲ್ಲ. ತಂಡ ಉಳಿಯಿತು. ಆ ಹುಡುಗ ವಿಶ್ವಕಪ್ ಗೆದ್ದ, 2025ರಲ್ಲಿ ರಿಯಲ್ ಮ್ಯಾಡ್ರಿಡ್ ಕೋಚ್ ಕೂಡ ಆದ.

ರಿಯಲ್ ಮ್ಯಾಡ್ರಿಡ್‌ನಲ್ಲಿ ಏನಾಯಿತು? ಎರಡು ಸಲ ಹೋದರಂತೆ?

ಎರಡು ಸಲ ಹೋದರು, ಎರಡು ಸಲವೂ ನವೆಂಬರ್‌ನಲ್ಲಿ ಹೊರಬಿದ್ದರು.

ಮೊದಲ ಸಲ 1989. ಎಮಿಲಿಯೊ ಬುತ್ರಾಗೆನ್ಯೊ, ಮಿಚೆಲ್, ಬರ್ನ್ಡ್ ಶುಸ್ಟರ್, ಹ್ಯೂಗೊ ಸಾಂಚೆಸ್ ಇದ್ದ ತಂಡ. 38 ಲೀಗ್ ಪಂದ್ಯಗಳಲ್ಲಿ 107 ಗೋಲು. ಈ ದಾಖಲೆ 22 ವರ್ಷ ಉಳಿಯಿತು, 2011-12ರಲ್ಲಿ ಮೊರಿನ್ಯೊ ಅವರ ಮ್ಯಾಡ್ರಿಡ್ 121 ಹೊಡೆದು ಮುರಿಯಿತು. ಸಾಂಚೆಸ್ ಒಬ್ಬರೇ 38 ಗೋಲು, ಅದೂ ಎಲ್ಲವೂ ಒಂದೇ ಸ್ಪರ್ಶದಲ್ಲಿ. ಲೀಗ್ ಸುಲಭವಾಗಿ ಬಂತು, ಮ್ಯಾಡ್ರಿಡ್‌ಗೆ ಅದು ಸತತ ಐದನೇ ಲೀಗ್. ಆದರೆ ಯುರೋಪಿಯನ್ ಕಪ್‌ನಲ್ಲಿ ಎಸಿ ಮಿಲಾನ್ ಬೇಗನೆ ಮನೆಗೆ ಕಳಿಸಿತು. ಅಲ್ಲಿ ಅದನ್ನು ಯಾರೂ ಮರೆಯುವುದಿಲ್ಲ. ಮುಂದಿನ ಸೀಸನ್ ಶುರುವೇ ಸರಿಯಾಗಲಿಲ್ಲ, 1990ರ ನವೆಂಬರ್‌ನಲ್ಲಿ ಕೆಲಸ ಹೋಯಿತು. 107 ಗೋಲು ಹೊಡೆಸಿದ ಆರೇ ತಿಂಗಳಲ್ಲಿ!

ಎರಡನೇ ಸಲ 1999ರ ಫೆಬ್ರವರಿ, ಗುಸ್ ಹಿಡಿಂಕ್ ಜಾಗಕ್ಕೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಿಲ್ಬಾವೊದ ಸಾನ್ ಮಾಮೆಸ್‌ನಲ್ಲಿ 18 ವರ್ಷದ ಕಸಿಯಾಸ್‌ಗೆ ಮೊದಲ ಪಂದ್ಯ ಕೊಟ್ಟರು. ನವೆಂಬರ್‌ಗೆ ಮತ್ತೆ ಮನೆಗೆ. ಅವರ ಬದಲು ವಿಸೆಂಟೆ ದೆಲ್ ಬೋಸ್ಕೆ ಬಂದರು, ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು, ಗೋಲ್‌ನಲ್ಲಿ ಕಸಿಯಾಸ್.

ಹಂದಿ ಹಾರುವ ಮಾತು ಏನದು?

ಎರಡನೇ ಸಲ ಕೆಲಸ ಹೋದದ್ದೇ ಆ ಬಾಯಿಂದ. ರಾಯೊ ವಯೆಕಾನೊ ವಿರುದ್ಧ ಸೋತ ಮೇಲೆ ತಮ್ಮದೇ ಆಟಗಾರರ ತಪ್ಪುಗಳನ್ನು ಪತ್ರಿಕೆಯವರ ಮುಂದೆ ಬಿಡಿಸಿ ಹೇಳಿದರು. ಅಧ್ಯಕ್ಷ ಲೊರೆನ್ಸೊ ಸಾನ್ಸ್, ಮಾತು ವಾಪಸ್ ತಗೊಳ್ಳಿ ಅಂದರು. ಅದಕ್ಕಿಂತ ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂ ಮೇಲೆ ಹಂದಿ ಹಾರುವುದನ್ನು ನೋಡುವುದು ಸುಲಭ ಅಂತ ಉತ್ತರ ಕೊಟ್ಟರು. ಕೆಲಸ ಹೋಯಿತು.

ಸ್ಪೇನ್‌ನಲ್ಲಿ ಇವರ ಇನ್ನೊಂದು ಮಾತು ಇನ್ನೂ ಹೆಚ್ಚು ಓಡಾಡುತ್ತದೆ. ಸೋತ ಮೇಲೆ ಸೋಮವಾರ ಹತ್ತು ಜನರನ್ನು ಬದಲಾಯಿಸಬೇಕು ಅನ್ನಿಸುತ್ತದೆ, ವಾರ ಕಳೆದ ಹಾಗೆ ಆ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಶನಿವಾರದ ಹೊತ್ತಿಗೆ ಅದೇ ಹನ್ನೊಂದು ದರಿದ್ರದವರೇ ಆಡಲಿ ಅನ್ನಿಸುತ್ತದೆ, ಅನ್ನುವ ಅರ್ಥದ್ದು. ಮೂಲದ ಬೈಗುಳ ಇದಕ್ಕಿಂತ ಖಾರ. ತಂಡ ನಡೆಸಿದ ಯಾರಿಗೇ ಆಗಲಿ, ನಮ್ಮ ಆಫೀಸ್ ಕ್ರಿಕೆಟ್ ಟೀಮ್ ಕ್ಯಾಪ್ಟನ್‌ಗೂ, ಇದು ಅರ್ಥವಾಗುತ್ತದೆ.

ಬೇರೆ ಎಲ್ಲೆಲ್ಲಿ ಕೆಲಸ ಮಾಡಿದರು?

ಪಟ್ಟಿ ಉದ್ದ ಇದೆ. ಡೆಪೋರ್ತಿವೊ ಲಾ ಕೊರುನ್ಯಾದಲ್ಲಿ 1995ರ ಸ್ಪ್ಯಾನಿಷ್ ಸೂಪರ್ ಕಪ್, ಎದುರಾಳಿ ರಿಯಲ್ ಮ್ಯಾಡ್ರಿಡ್ಡೇ. ಟರ್ಕಿಯ ಬೆಷಿಕ್ತಾಶ್‌ನಲ್ಲಿ 1998ರ ಟರ್ಕಿಷ್ ಕಪ್. ಫ್ರಾನ್ಸ್‌ನ ಸೇಂತ್ ಎತಿಯೆನ್, ಇಟಲಿಯ ಕತಾನಿಯಾ, ಸ್ಪೇನ್‌ನ ಮುರ್ಸಿಯಾ, ಇವು ಯಾವುದೂ ನಡೆಯಲಿಲ್ಲ, ಬಿಡಿ. ಮ್ಯಾಸಿಡೋನಿಯಾ ರಾಷ್ಟ್ರೀಯ ತಂಡ, ಅಜರ್‌ಬೈಜಾನ್‌ನ ಖಜಾರ್ ಲಂಕರಾನ್. ಆಮೇಲೆ, 66 ವರ್ಷ ದಾಟಿದ ಮೇಲೆ, ಮೊರಾಕೊದ ವಿದಾದ್ ಕಾಸಾಬ್ಲಾಂಕಾ ಜೊತೆ 2014-15ರ ಲೀಗ್ ಗೆದ್ದರು. 2018ರಲ್ಲಿ ಇರಾನ್‌ನ ಟ್ರಾಕ್ಟರ್ ಕ್ಲಬ್. ಆ ವಯಸ್ಸಿಗೆ ಅವರಿಗೆ ದುಡ್ಡಿಗಿಂತ ತರಬೇತಿ ಮೈದಾನವೇ ಬೇಕಾಗಿತ್ತು ಅನ್ನಿಸುತ್ತದೆ.

ವೇಲ್ಸ್ ತಂಡದ ಮ್ಯಾನೇಜರ್ ಆಗಿ ಸೋತರಲ್ಲವೇ?

ಎರಡು ಅವಧಿ ಇವೆ, ಬೇರೆ ಬೇರೆಯಾಗಿ ನೋಡಬೇಕು. 1994ರದ್ದು ಒಂದೇ ಪಂದ್ಯ. ಹಿಂದಿನ ಮ್ಯಾನೇಜರ್ ಟೆರಿ ಯೋರತ್‌ರನ್ನು ತೆಗೆದ ಸಿಟ್ಟಿನಲ್ಲಿ ಜನ ಕೂಗಾಡಿದರು, ನಾರ್ವೆ ವಿರುದ್ಧ 1-3 ಸೋಲು, ಒಂದೂವರೆ ತಿಂಗಳಲ್ಲಿ ರಾಜೀನಾಮೆ.

2004ರಿಂದ 2010ರದ್ದು ಬೇರೆ ಕಥೆ. ಫಲಿತಾಂಶ ಮಾತ್ರ ನೋಡಿದರೆ ಹೌದು, ಒಂದು ಟೂರ್ನಿಗೂ ಹೋಗಲಿಲ್ಲ. ಹಿರಿಯರು ಒಬ್ಬೊಬ್ಬರಾಗಿ ನಿವೃತ್ತಿ ಹೇಳಿದರು, ರಾಬಿ ಸ್ಯಾವೇಜ್ ಜೊತೆ ಬಹಿರಂಗ ಜಗಳವಾಯಿತು. ಇವರು ಹೋಗಿ ಮಕ್ಕಳನ್ನು ತಂದರು. ಬ್ರಯಾನ್ ಫ್ಲಿನ್ ಕೈಯಲ್ಲಿದ್ದ 21ರ ಒಳಗಿನ ತಂಡದಿಂದ ಹುಡುಗರು ಸಾಲಾಗಿ ಮೇಲೆ ಬಂದರು. 2006ರ ಮೇನಲ್ಲಿ ಟ್ರಿನಿಡಾಡ್ ವಿರುದ್ಧ 16 ವರ್ಷದ ಬೇಲ್. ಆಮೇಲೆ ಗಂಟರ್, ಹೆನೆಸಿ, ಆಶ್ಲಿ ವಿಲಿಯಮ್ಸ್, ರಾಮ್ಸಿ, ಜೋ ಆಲನ್. ಸೋಲುತ್ತಾ ಸೋಲುತ್ತಾ ಆಡಿದರು, ಸ್ಟೇಡಿಯಂ ಖಾಲಿ ಹೊಡೆಯಿತು, ಬೈಗುಳ ಎಲ್ಲ ಟೋಶಾಕ್‌ಗೆ.

2016ರ ಯುರೋ ಕಪ್‌ನಲ್ಲಿ ವೇಲ್ಸ್ ಸೆಮಿಫೈನಲ್‌ಗೆ ಹೋದಾಗ ಆ ತಂಡದ ಬೆನ್ನೆಲುಬು ಇದೇ ಹುಡುಗರು. ಟೋಶಾಕ್ ನಂತರ ವೇಲ್ಸ್ ಮ್ಯಾನೇಜರ್ ಆದ ಗ್ಯಾರಿ ಸ್ಪೀಡ್, ಕ್ರಿಸ್ ಕೋಲ್ಮನ್ ಇಬ್ಬರ ಕೆಲಸವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಿತ್ತಿದವರು ಯಾರು ಅಂತ ಕೇಳಿದರೆ ಉತ್ತರ ಒಂದೇ. ಅಂದ ಹಾಗೆ 2007ರಲ್ಲಿ ಕೋಲ್ಮನ್‌ಗೆ ರಿಯಲ್ ಸೊಸಿಯೆದಾದ್ ಕೆಲಸ ಸಿಕ್ಕಿದ್ದೂ ಟೋಶಾಕ್ ಹೇಳಿದ್ದರಿಂದ.

ವೇಲ್ಸ್‌ನ ಬೇರೆ ಮ್ಯಾನೇಜರ್‌ಗಳಿಗಿಂತ ದೊಡ್ಡವರಾ? ಮಾರ್ಕ್ ಹ್ಯೂಸ್?

ಆಟಗಾರನಾಗಿ ಹ್ಯೂಸ್ ಮೇಲೆ, ಅನುಮಾನವಿಲ್ಲ. ಮ್ಯಾನೇಜರ್ ಆಗಿ ಹ್ಯೂಸ್ ಬ್ಲ್ಯಾಕ್‌ಬರ್ನ್, ಮ್ಯಾಂಚೆಸ್ಟರ್ ಸಿಟಿ, ಸ್ಟೋಕ್ ಎಲ್ಲ ನೋಡಿದರು, ದೊಡ್ಡ ಕಪ್ ಒಂದೂ ಇಲ್ಲ. ಇಯಾನ್ ರಶ್ ಚೆಸ್ಟರ್‌ನಲ್ಲಿ ಒಂದು ಸೀಸನ್ ಕೂಡ ಪೂರ್ತಿ ನಿಲ್ಲಲಿಲ್ಲ. ಕ್ಲಬ್ ಮಟ್ಟದ ಲೆಕ್ಕದಲ್ಲಿ ಟೋಶಾಕ್ ಹತ್ತಿರಕ್ಕೆ ವೇಲ್ಸ್‌ನ ಬೇರೆ ಯಾರೂ ಬರುವುದಿಲ್ಲ.

ಇವರ ದೌರ್ಬಲ್ಯ ಏನು?

ನಿಲ್ಲುವುದು. ಶುರು ಮಾಡುವುದರಲ್ಲಿ ಗಟ್ಟಿಗ, ಮೂರು ನಾಲ್ಕು ವರ್ಷ ಮೀರಿ ಒಂದೇ ಕಡೆ ಶಾಂತಿಯಿಂದ ಇದ್ದದ್ದು ಕಡಿಮೆ. ಮೇಲಿನವರ ಜೊತೆ ಜಗಳ, ಆಟಗಾರರ ಬಗ್ಗೆ ಪತ್ರಿಕೆಯಲ್ಲಿ ನೇರ ಮಾತು. ಸೊಸಿಯೆದಾದ್‌ನಂಥ ಊರಿನ ಕ್ಲಬ್‌ನಲ್ಲಿ ಇದು ನಡೆಯಿತು, ಮ್ಯಾಡ್ರಿಡ್‌ನಲ್ಲಿ ನಡೆಯಲಿಲ್ಲ. ಹಾಗಾಗಿ ಇವರು ನೆಟ್ಟ ಗಿಡದ ಹಣ್ಣು ಬಹಳ ಸಲ ಬೇರೆಯವರು ತಿಂದರು: ಬಾರ್ಸಿಲೋನಾ, ದೆಲ್ ಬೋಸ್ಕೆ, ಕೋಲ್ಮನ್. 2002ರ ಮಾರ್ಚ್‌ನಲ್ಲಿ ಸೊಸಿಯೆದಾದ್ ಇವರನ್ನು ಕಳಿಸಿತು, ಮುಂದಿನ ಸೀಸನ್ನಿನಲ್ಲೇ ಅಲೊನ್ಸೊ ಇದ್ದ ಆ ತಂಡ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು.

ಕವಿತೆ ಬರೆಯುತ್ತಿದ್ದರಂತೆ?

ಹೌದು, ಲಿವರ್‌ಪೂಲ್‌ನಲ್ಲಿ ಆಡುತ್ತಿದ್ದಾಗಲೇ ಒಂದು ಚಿಕ್ಕ ಕವನ ಸಂಕಲನ ತಂದರು. ಪ್ರಾಸ ಜಾಸ್ತಿ, ಕವಿತೆ ಕಡಿಮೆ. ಹೆಡರ್‌ಗಳೇ ವಾಸಿ.

ಯಾವ ಪಂದ್ಯ ಹುಡುಕಿ ನೋಡಲಿ?

ಆಟಗಾರನಾಗಿ ನೋಡಬೇಕಾದರೆ 1979ರ ಮೇ, ಕಾರ್ಡಿಫ್‌ನ ನಿನಿಯನ್ ಪಾರ್ಕ್, ವೇಲ್ಸ್ 3 ಸ್ಕಾಟ್ಲೆಂಡ್ 0, ಮೂರೂ ಇವರದೇ. ಆಗ ಸ್ವಾನ್ಸಿ ಮ್ಯಾನೇಜರ್ ಕೂಡ ಹೌದು. ಮ್ಯಾನೇಜರ್ ಆಗಿ ನೋಡಬೇಕಾದರೆ ಸ್ವಾನ್ಸಿ ಮತ್ತು ಲೀಡ್ಸ್‌ನ 5-1. ಚಿತ್ರ ಮಸುಕಾಗಿರುತ್ತದೆ, ಪರವಾಗಿಲ್ಲ. ಸಮಯ ಜಾಸ್ತಿ ಇದ್ದರೆ 1989-90ರ ಮ್ಯಾಡ್ರಿಡ್‌ನ ಗೋಲುಗಳನ್ನೆಲ್ಲ ಒಟ್ಟಿಗೆ ಹಾಕಿದ ವಿಡಿಯೊಗಳು ಸಿಗುತ್ತವೆ, ಸಾಂಚೆಸ್ ಚೆಂಡನ್ನು ಎರಡನೇ ಸಲ ಮುಟ್ಟುತ್ತಾರಾ ಅಂತ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.